ಎತ್ತರ ಇಳಿಸಿದ ಗಾಡಿ

ಮಂಗಳವಾರ ಬೆಳಗ್ಗೆ ಹನ್ನೊಂದೂವರೆಗೆ ದುಂಡೇಶ ತೇರದಾಳ ಠಾಣೆಗೆ ಬಂದು ದೂರು ಕೊಟ್ಟ. ಅವನ ಹೆಂಡತಿ, ನರ್ಸ್ ವೈಶಾಲಿ, ಬನಹಟ್ಟಿ ರಸ್ತೆಯ ಹಂಪ್ ಇಳಿಯುವಾಗ ಮೋಟಾರ್‌ಸೈಕಲ್‌ನಿಂದ ಬಿದ್ದು ಬಲಗಾಲು ಮುರಿದುಕೊಂಡಿದ್ದಳು. ಆಕೆ ಗಿಡ್ಡ. ಕಾಲು ನೆಲಕ್ಕೆ ಮುಟ್ಟಲೆಂದು ಎರಡು ವಾರದ ಹಿಂದೆ ಮೆಕ್ಯಾನಿಕ್ ಜಕ್ಕಪ್ಪನಿಂದ ಗಾಡಿಯ ಎತ್ತರ ಇಳಿಸಿದ್ದರು.

"ಅವನ ಕೆಲಸದಾಗ ಖೋಟ್ ಐತ್ರಿ. ಒಳಗ ಹಾಕ್ರಿ, ಗ್ಯಾರೇಜ್ ಮುಚ್ಚಸ್ರಿ," ಎಂದ.

ಪಿಎಸ್ಐ ಗಂಗಾರಾಮ ಜಕ್ಕಪ್ಪನ ಮೇಲೆ ಎಫ್ಐಆರ್ ದಾಖಲಿಸಿ, ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡಿದರು. ಹಿಂಬದಿಯ ಎಡ ಶಾಕ್ ಅಬ್ಸಾರ್ಬರ್ ಕಳಚಿ ಗಾಲಿಯ ಕಡ್ಡಿಗಳಲ್ಲಿ ಸಿಕ್ಕಿತ್ತು. ಅದರ ನಟ್ ಇರಲಿಲ್ಲ. ಬಲಬದಿಯ ನಟ್ ಕೊನೆಯ ಸುತ್ತಿನಲ್ಲಿ ನೇತಾಡುತ್ತಿತ್ತು.

ಜಕ್ಕಪ್ಪನನ್ನು ಕರೆಸಿ, ದುಂಡೇಶನ ಎದುರಿಗೇ ಗಾಡಿಯ ಮುಂದೆ ನಿಲ್ಲಿಸಿದರು.

"ಏನೇನ್ ಮಾಡ್ದಿ?"

"ಕಡಿಮಿ ಖರ್ಚಿನಾಗ ಇಳಸು ಅಂದ್ರು ಇವರು. ಹಿಂದ ಸಣ್ಣ ಶಾಕಬ್ಸರ್ ಹಾಕ್ದೆ. ಹಿಂದಷ್ಟ ಇಳಿಸಿದ್ರ ಹಿಡತ ತಪ್ಪತೈತಿ, ಅದಕ್ಕ ಮುಂದಿಂದೂ ಅಷ್ಟ ಇಳಿಸ್ದೆ. ಇಬ್ಬರನ್ನ ಕುಂಡ್ರಿಸಿ ಗಾಲಿ ಮಡ್‌ಗಾರ್ಡಿಗೆ ತಾಗತೈತೇನ ನೋಡ್ದೆ. ಸೈಡ್ ಸ್ಟ್ಯಾಂಡ್ ಗಿಡ್ಡ ಮಾಡ್ದೆ."

"ಸ್ಪ್ರಿಂಗ್ ಕೊಯ್ದಿ?"

"ಇಲ್ರಿ. ಅದು ಹೆಣಾ ಕೆಡವೂ ಕೆಲಸ."

"ನಟ್?"

"ಬಿಗಿ ಮಾಡಿ, ಗ್ರೀಸ್ ಸವರಿ, ಮ್ಯಾಲೆ ಬೀರಪ್ಪನ ಭಂಡಾರ ಒತ್ತೀನ್ರಿ. ಎಲ್ಲಾ ಗಾಡಿಗೂ ಒತ್ತತೇನಿ."

"ಸಿಕ್ಕಬಿದ್ದಾಗ ಎಲ್ಲಾರಿಗೂ ದೇವರ ನೆನಪ ಆಗ್ತಾನ," ಎಂದ ಕಾನ್‌ಸ್ಟೆಬಲ್ ಗಿರಮಲ್ಲಪ್ಪ.

ಗಂಗಾರಾಮ ಬಗ್ಗಿ ನೋಡಿದರು. ಮುಂಬದಿಯ ನಟ್ಟುಗಳ ಮೇಲೆ ದೇವರ ಅರಿಸಿನಪುಡಿ ಗ್ರೀಸು, ಧೂಳಿನಲ್ಲಿ ಕಲೆತು ಕಪ್ಪಾಗಿತ್ತು. ಸಡಿಲವಾದ ಬಲ ನಟ್ಟಿನ ಮೇಲೆ ಮಾತ್ರ ಅಚ್ಚ ಹಳದಿ. ಪುಡಿ ಒರೆಸಿದಾಗ ಕೆಳಗೆ ನಟ್ ತಿರುಗಿಸುವ ಪಾನಾ ಹಾಕಿದ ಹೊಸ ಗೀರು ಕಂಡಿತು. ನಟ್ ಸಡಿಲಿಸಿದವರೇ ಆಮೇಲೆ ಭಂಡಾರ ಹಚ್ಚಿದ್ದರು.

"ಇಳಿಸಿದ ಮ್ಯಾಲೆ ಗಾಡಿ ಮತ್ತ ಗ್ಯಾರೇಜಿಗೆ ಹೋಗಿತ್ತೇನು?"

"ಇಲ್ರಿ. ದವಾಖಾನಿ ಬಿಟ್ರ ಮನಿ," ಎಂದ ದುಂಡೇಶ.

ನಾಲ್ಕೂವರೆಗೆ ಗಂಗಾರಾಮ ಅವನ ಮನೆಗೆ ಹೋದರು. ತಾಯಿ ಲಗಮವ್ವ ಪಡಸಾಲೆಯಲ್ಲಿ ಕೂತಿದ್ದಳು.

"ಮೊದಲ ಈ ಗಾಡಿ ಯಾರ ಓಡಸ್ತಿದ್ರು?"

"ಹಿರೀ ಸೊಸಿ ರಂಜನಾ. ಕಂಬದಂಗ ಎತ್ತರ ಅದಾಳಲ್ರಿ. ಓಣ್ಯಾಗ ಗಾಡಿ ಹೊಡಿಯೂ ಹೆಣಮಗಳು ಅಕೀ ಒಬ್ಬಾಕಿನ ಇದ್ಲು. ಈಗ ಸಣ್ಣಾಕಿಗೆ ನೌಕರಿ ಆತು, ಅಕಿಗೆ ಇಳಿಸಿದ್ವಿ."

"ದೇವರ ಪೂಜಾ?"

"ಅದೂ ರಂಜನಾನ ಮಾಡೂದು."

ರಂಜನಾ ಹಿತ್ತಲಿನಲ್ಲಿದ್ದಳು.

"ಗಾಡಿ ಯಾಕ ಬಿಟ್ಟಿ ತಂಗಿ?"

"ಇಳಿಸಿದ ಮ್ಯಾಲೆ ಕಾಲ ನೆಲಕ್ಕ ಊರಿದ್ರ ಮಣಕಾಲ ಎತ್ತಿ ನಿಲ್ತಾವ್ರಿ. ಕೂಸಿನ ಸೈಕಲ್ ಹತ್ತೀಯೇನ ಬೇ ಅಂತ ಓಣ್ಯಾಗ ನಗತಾರ."

"ನಟ್ ಬಿಚ್ಚಿದಾಕಿ ಭಂಡಾರ ಯಾಕ ಹಚ್ಚಿದಿ?"

ಆಕೆ ಕಟ್ಟಿಗೆ ರಾಶಿಯ ಕಡೆ ನೋಡಿದಳು.

"ಬಿಚ್ಚೂಮುಂದ ಅಳಿಸಿ ಹೋತ್ರಿ. ದೇವರ ಗುರುತ ಅಳಿಸಿ ಹಂಗ ಬಿಡಾಕ ಅಂಜಿಕಿ ಬಂತು."

"ಅಕೀ ಸತ್ತಿದ್ರ?"

"ಬಿದ್ದು ಅಂಜಿ ಓಡಸೂದ ಬಿಡಲಿ ಅನಕೊಂಡೆ. ಸಾಯಲಿ ಅಂದಿಲ್ರಿ."

ಕಟ್ಟಿಗೆ ರಾಶಿಯಿಂದ ಪಾನಾವನ್ನು ಅವಳೇ ತೆಗೆದುಕೊಟ್ಟಳು. ಪಂಚರ ಸಮಕ್ಷಮ ಜಪ್ತಿಯಾಯಿತು. ಸೂರ್ಯ ಮುಳುಗುವ ಮೊದಲೇ ಮಹಿಳಾ ಕಾನ್‌ಸ್ಟೆಬಲ್ ಪ್ರತಿಮಾ ಅವಳನ್ನು ಬಂಧಿಸಿದರು. ಜಕ್ಕಪ್ಪನನ್ನು ಪ್ರಕರಣದಿಂದ ಕೈಬಿಡಲು ವರದಿ ಸಿದ್ಧವಾಯಿತು. ದುಂಡೇಶ ಜಕ್ಕಪ್ಪನ ಮುಖ ನೋಡದೆ ಆಸ್ಪತ್ರೆಗೆ ಹೋದ.

ಠಾಣೆಯಲ್ಲಿ ರಂಜನಾ ಹೇಳಿಕೆ ಕೊಟ್ಟಳು. "ಇಷ್ಟೆತ್ತರ ಅದಾಳಂತ ಮದವಿಗೆ ಮೊದಲಿಂದ ನನ್ನ ಚ್ಯಾಷ್ಟಿ ಮಾಡೋರು. ಆ ಗಾಡಿ ಮ್ಯಾಲೆ ಕುಂತಾಗ ಯಾರೂ ಮಾಡ್ತಿರಲಿಲ್ಲ. ನನ್ನ ಒಂದು ಮಾತ ಕೇಳಲಾರದ ಇಳಿಸಿದ್ರು. ಕೇಳಿದ್ರ ಸಾಕಿತ್ತು."

"ಕೇಳಿದ್ರ ಹೂಂ ಅಂತಿದ್ದಿಯೇನು?" ಎಂದರು ಗಂಗಾರಾಮ.



"ಇಲ್ರಿ," ಎಂದಳು.

ಗಂಗಾರಾಮ ಅದನ್ನೂ ಬರೆಸಿದರು.