ಶೇಷಪ್ಪನ ಜಾಗ

ಸಾಗರದ ನಮ್ಮ ರಗ್ಬಿ ಕ್ಲಬ್ ಕಟ್ಟಿದ ಶೇಷಪ್ಪನ ಹೆಸರನ್ನು ಅಧ್ಯಕ್ಷ ಪದ್ಮನಾಭಯ್ಯನವರು ಕ್ಲಬ್ಬಿನ ಹತ್ತು ವರ್ಷದ ಚರಿತ್ರೆಯಿಂದ ತೆಗೆಸಿದರು. ಶೇಷಪ್ಪ ಅಧ್ಯಕ್ಷರ ಮನೆಯ ಹಳೇ ಗೇಣಿದಾರನ ಮೊಮ್ಮಗ. ಮಳೆಗಾಲದ ಅಭ್ಯಾಸದಲ್ಲಿ ಅವನ ಕುತ್ತಿಗೆ ಮುರಿದ ದಿನ, ಸೀಟು ಕೆಸರಾಗುತ್ತದೆಂದು ಅವರು ಆಸ್ಪತ್ರೆಗೆ ಒಯ್ಯಲು ಜೀಪು ಕೊಡಲಿಲ್ಲ. ಅವನು ಮೈದಾನದಲ್ಲೇ ಸತ್ತ. ಚರಿತ್ರೆ ಬರೆದ ಕಾರ್ಯದರ್ಶಿ ನಾನು. ಹೆಸರು ಹೊಡೆದುಹಾಕಿದ್ದೂ ನನ್ನ ಪೆನ್ನೇ.

ಮುಖಪುಟಕ್ಕೆ ಫೋಟೊ ಬೇಕಿತ್ತು. ಬೇಸಿಗೆಯ ಮಟಮಟ ಮಧ್ಯಾಹ್ನ, ಮೈದಾನ ಬಿರುಕು ಬಿಟ್ಟಿತ್ತು. ಎಂಟು ಜನ ಹೆಗಲು ಹೆಣೆದು ಬಾಗುವುದಕ್ಕೆ ಸ್ಕ್ರಮ್ ಎನ್ನುತ್ತೇವೆ; ಫೋಟೊಗೆ ಅದೇ ಭಂಗಿ. ಅಧ್ಯಕ್ಷರು ಜೀಪಿನ ಕೀಲಿಯನ್ನು ನನಗೆ ಕೊಟ್ಟು, ಮುಂದಿನ ಸಾಲಿನ ನಡುವೆ, ಶೇಷಪ್ಪನ ಜಾಗದಲ್ಲಿ ಬಾಗಿದರು. ನಾನು ಅವರ ಪಕ್ಕದಲ್ಲಿ ಹೆಗಲು ಹೆಣೆದೆ.

“ಅಯ್ಯಾ, ಹೊಟ್ಟೆ ಒಳಗೆ ಎಳ್ಕಳಿ, ಪುಸ್ತಕ ಸಣ್ಣದು,” ಎಂದ ಕ್ಯಾಮೆರಾ ಹಿಡಿದಿದ್ದ ನಟರಾಜ್.

ಹೆಗಲು ಹಿಡಿದವರೆಲ್ಲ ತಮ್ಮ ಹೆಸರು ಕೂಗಬೇಕು. ಅದು ಶೇಷಪ್ಪ ಹಾಕಿಕೊಟ್ಟ ರೂಢಿ. ಎಂಟು ಹೆಸರು ಮುಗಿದವು. ಮತ್ತೆ ಯಾರೋ ಕೂಗಲೆಂದು ಉಸಿರೆಳೆದುಕೊಂಡದ್ದು ಕೇಳಿಸಿತು. ನನ್ನ ತೋಳಿಗೆ ತಣ್ಣನೆಯ ಕೆಸರು ತಾಗಿತು.

ಫೋಟೊ ಮುಗಿದು ನಾವು ಉಳಿದ ಏಳೂ ಜನ ಕೈಬಿಟ್ಟು ಎದ್ದೆವು. ಅಧ್ಯಕ್ಷರು ಬಾಗಿಯೇ ಇದ್ದರು.

“ಕುತ್ತಿಗೆ ಮೇಲಿನ ಕೈ ಯಾರ್ದೋ? ತೆಗೀರೋ.”

ಹತ್ತಿರ ಯಾರೂ ಇರಲಿಲ್ಲ. ಅವರ ಕುತ್ತಿಗೆಯಲ್ಲಿ ಐದು ಬೆರಳಿನ ಗುಳಿ ಬಿದ್ದು ಆಳವಾಗುತ್ತಿತ್ತು. ಅಲ್ಲಿಂದ ಕೆಸರು ತೊಟ್ಟಿಕ್ಕುತ್ತಿತ್ತು.

“ಆಸ್ಪತ್ರೆಗೆ ಹೋಗಣ. ಜೀಪ್ ತಗಂಡ್ ಬಾರೋ.”

ನಾನು ಕೀಲಿಯನ್ನು ಜೇಬಿಗೆ ಹಾಕಿದೆ.

“ತರಲ್ಲ ಅಯ್ಯಾ. ಸೀಟು ಕೆಸರಾಗ್ತದೆ.”