ಚಿಕ್ಕವ್ವನ ಬಾಗಿಲು

"ಇನ್ನೂ ವಸಿ ನೀರು ಉಯ್ಯಿ ಚಿಕ್ಕವ್ವ, ಮಣ್ಣು ಕಾಲಿಗೆ ಅಂಟ್ತೈತೆ," ಎಂದಳು ಕ್ಯಾತಮ್ಮ.

ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ಅವಳು ಕೆಸರು ತುಳಿಯುತ್ತಿದ್ದಳು. ಐದನೇ ಕ್ಲಾಸಿನ ಹುಡುಗಿಗೆ ಭಾನುವಾರ ಇದಕ್ಕಿಂತ ಒಳ್ಳೆಯ ಆಟ ಸಿಗುವುದುಂಟೇ?

ಚಿಕ್ಕವ್ವ ಕರಿಯಕ್ಕ ನಗುತ್ತಾ ಬಿಂದಿಗೆ ಬಗ್ಗಿಸಿದಳು. ಅವರು ಮುಚ್ಚುತ್ತಿದ್ದದ್ದು ಅವಳ ಬಾಗಿಲನ್ನೇ. ಕದ ಕಿತ್ತು ಒಳಗಿಟ್ಟಾಗಿತ್ತು. ಕ್ಯಾತಮ್ಮನ ಅಪ್ಪ ಓಬಳಪ್ಪ ಕಲ್ಲಿನ ಮೇಲೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದ.

ಮನೆ ನೋಡುವುದಕ್ಕೆ ಒಂದೇ, ಉದ್ದನೆಯದು. ನಡುವೆ ಗೋಡೆ. ತಾತ ಸತ್ತ ಮೇಲೆ ಮೂಡಲ ಅರ್ಧ ಓಬಳಪ್ಪನಿಗೆ, ಪಡುವಲ ಅರ್ಧ ಅವನ ತಮ್ಮನಿಗೆ ಬಂದಿತ್ತು. ಹಟ್ಟಿಯ ಹಿರಿಯರು ಕೂತು ಬಾಯಲ್ಲಿ ಹೇಳಿದ್ದೇ ಭಾಗ, ಕಾಗದ ಗೀಗದ ಯಾರೂ ಬರೆದಿರಲಿಲ್ಲ. ಆಮೇಲೆ ತಮ್ಮ ತೀರಿಕೊಂಡ. ಅವನ ಹೆಂಡತಿ ಕರಿಯಕ್ಕ ನಾಲ್ಕು ಆಡು ಸಾಕಿಕೊಂಡು ತನ್ನ ಅರ್ಧದಲ್ಲಿ ಇದ್ದಳು.

ಆ ವರ್ಷ ಪಂಚಾಯ್ತಿಯವರು ಮನೆಗಂದಾಯ ಏರಿಸಿದ್ದರು. ಹೊಸದಾಗಿ ಮನೆಗಳಿಗೆ ನಂಬರು ಹಾಕಲು ಗುಮಾಸ್ತರು ಬರುತ್ತಾರೆ, ಬಾಗಿಲಿಗೊಂದು ನಂಬರು, ನಂಬರಿಗೊಂದು ಕಂದಾಯ ಎಂದು ಸುದ್ದಿ ಹಬ್ಬಿತು. ಹಟ್ಟಿಯಲ್ಲಿ ಎಲ್ಲರೂ ಒಮ್ಮೆಗೇ ಬುದ್ಧಿವಂತರಾಗಿಬಿಟ್ಟರು. ಪಕ್ಕದ ಮನೆಯ ಕದಿರಯ್ಯ ಹಿತ್ತಲ ಬಾಗಿಲಿಗೆ ಅಡ್ಡಲಾಗಿ ಹುಲ್ಲು ಒಟ್ಟಿದ. ಇನ್ನೊಬ್ಬರು ಸೌದೆ ಪೇರಿಸಿದರು.

"ನೀನೊಬ್ಳು, ಸುಮ್ಕೆ ಯಾಕೆ ಕಂದಾಯ ಕಟ್ಟೀಯ? ಗುಮಾಸ್ತ ಬಂದು ಓಗ್ಲಿ, ಮಾರನೇ ದಿನವೇ ಒಡ್ದಾಕಾನ," ಎಂದಿದ್ದ ಓಬಳಪ್ಪ.

"ನೀನು ಏಳಿದ್ಮೇಲೆ ಆಯ್ತು ಬುಡು ಬಾವ," ಎಂದಿದ್ದಳು ಕರಿಯಕ್ಕ.

ಅಲ್ಲಿಯವರೆಗೆ ಅವಳು ಓಡಾಡಲು ನಡುಗೋಡೆಯಲ್ಲಿ ಒಂದು ದಾರಿ ಕೊರೆದರು.

ಗುಮಾಸ್ತ ಮರುಳಸಿದ್ದಯ್ಯನವರು ಬಂದ ದಿನ ಓಬಳಪ್ಪ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ ತಾನು ಕುರಿಗಳ ಹಿಂದೆ ಹೊರಟುಹೋದ. "ನೀನೇ ಮಾತಾಡು ಕಣವ್ವ. ಇಸ್ಕೂಲಿಗೆ ಓಗೋ ಮಕ್ಳು ಏಳಿದ್ರೆ ನಂಬ್ತಾರೆ."

ಗುಮಾಸ್ತರು ಕದದ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದರು. ಪಡುವಲ ಕಡೆ ಕೈ ತೋರಿಸಿ, "ಆ ಭಾಗದಲ್ಲಿ ಯಾರಮ್ಮ ಇರೋದು?" ಎಂದು ಕೇಳಿದರು.

"ಯಾರೂ ಇಲ್ಲ ಸಾರ್. ಆಡು ಕಟ್ಟಾಕ್ತೀವಿ."

"ಪೂರ್ತಿ ಮನೆ ನಿಮ್ಮಪ್ಪಂದೇನಾ?"

"ಹೂಂ ಸಾರ್, ನಮ್ಮಪ್ಪಂದೇ."

ಗೋಡೆಯ ಆಚೆ ಕರಿಯಕ್ಕ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಗುಮಾಸ್ತರು ಹೋದ ಮೇಲೆ, "ಭಾರಿ ಜಾಣೆ ಕಣೇ ನನ್ ಮಗ್ಳು," ಎಂದು ಕ್ಯಾತಮ್ಮನ ಕೈಗೆ ಬೆಲ್ಲ ಕೊಟ್ಟಳು. ಕ್ಯಾತಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮಾರನೇ ದಿನ ಓಬಳಪ್ಪ ಶಿರಾ ಸಂತೆಗೆ ಹೋದ. ಆಮೇಲೆ ಕಡಲೆಕಾಯಿ ಕೀಳುವ ಕಾಲ ಬಂತು. ಹಬ್ಬ ಬಂತು. ಕರಿಯಕ್ಕ ಕೇಳಿದಾಗಲೆಲ್ಲ ಅವನಿಗೆ ಏನೋ ಕೆಲಸ. ಕೊನೆಗೆ, "ಇರೋ ಬಾಗ್ಲು ಸಾಲ್ದಾ?" ಎಂದುಬಿಟ್ಟ.

ಕ್ಯಾತಮ್ಮನ ಅವ್ವ ಲಕ್ಷ್ಮಕ್ಕನ ಮಾತೂ ಗಡುಸಾಯಿತು. "ಆಡು ಒಡ್ಕೊಂಡು ನಮ್ ನಡುಮನೆ ತುಳಿಬ್ಯಾಡ," ಎನ್ನತೊಡಗಿದಳು. ಬೇರೆ ದಾರಿ ಎಲ್ಲಿತ್ತು? ಪಾಪ, ಕರಿಯಕ್ಕ ಆಡುಗಳನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿದಳು.

ಒಂದು ಬೆಳಿಗ್ಗೆ ಅವಳೇ ಹಾರೆ ಹಿಡಿದು ಬಾಗಿಲು ಮುಚ್ಚಿದ್ದ ಗೋಡೆಗೆ ಹಾಕಿದಳು. ಓಬಳಪ್ಪ ಓಡಿಬಂದು ಹಾರೆ ಕಿತ್ತುಕೊಂಡ.

"ನನ್ ಮನೆ ಗೋಡೆ ಮುಟ್ಟಿದ್ರೆ ಸರಿ ಇರಲ್ಲ. ಕಂದಾಯ ಕಟ್ಟೋನು ನಾನು."

ಕ್ಯಾತಮ್ಮನಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಭಯವೂ ಆಯಿತು. ಎರಡರಲ್ಲಿ ಭಯವೇ ದೊಡ್ಡದಾಗಿತ್ತು.

ಆದರೂ ಮಧ್ಯಾಹ್ನ ಕರಿಯಕ್ಕ, "ನನ್ ಜೊತೆ ಪಂಚಾಯ್ತಿ ಆಫೀಸಿಗೆ ಬತ್ತೀಯೇನವ್ವ?" ಎಂದಾಗ ಅವಳು ಇಲ್ಲ ಎನ್ನಲಿಲ್ಲ.

ಮರುಳಸಿದ್ದಯ್ಯನವರು ಕರಿಯಕ್ಕನ ಮಾತನ್ನೆಲ್ಲ ಕೇಳಿ ಹಣೆ ಒತ್ತಿಕೊಂಡರು. "ಬಾಗಿಲಿಗೊಂದು ಕಂದಾಯ ಅಂತ ಯಾರಮ್ಮ ಹೇಳಿದ್ದು? ನಾವು ಬಾಗಿಲು ಎಣಿಸಲ್ಲ. ಮನೆ ಎಷ್ಟಿದೆ, ಯಾರದ್ದು, ಇಷ್ಟೇ ನೋಡೋದು. ಅವತ್ತು ಬಾಗಿಲು ಮುಚ್ಚದೆ ನನ್ನ ಅರ್ಧ ಇದು ಅಂತ ಹೇಳಿದ್ದಿದ್ರೆ ನಿನ್ನ ಹೆಸರೇ ಬರೀತಿದ್ದೆ."

"ಈಗ ಬರ್ಕೊಳಿ ಸ್ವಾಮಿ. ಕಂದಾಯ ಕಟ್ತೀನಿ."

"ಓಬಳಪ್ಪ ಬಂದು ಭಾಗ ಆಗಿದೆ ಅಂತ ಸೈನ್ ಹಾಕ್ಲಿ. ಇಲ್ಲದಿದ್ರೆ ಕೋರ್ಟಿಗೆ ಹೋಗ್ಬೇಕು. ನನ್ನ ಕೈಲಿಲ್ಲ."

ಕ್ಯಾತಮ್ಮ ಮುಂದೆ ಬಂದಳು. "ಸಾರ್, ಅವತ್ತು ನಾನು ಸುಳ್ಳು ಏಳ್ದೆ. ಆ ಕಡೆ ಇರೋದು ಚಿಕ್ಕವ್ವನೇ. ಆ ಅರ್ಧ ಅವ್ಳದ್ದೇ."

"ನೀನು ಚಿಕ್ಕ ಹುಡುಗಿ. ನಿನ್ನ ಮಾತು ಕೇಳಿ ತಿದ್ದೋಕಾಗಲ್ಲಮ್ಮ."

"ಬರ್ಕೊಂಡಿದ್ದು ನನ್ ಮಾತು ಕೇಳೇ ಅಲ್ವಾ ಸಾರ್?"

ಗುಮಾಸ್ತರು ಪುಸ್ತಕ ಮುಚ್ಚಿದರು. ಹೊರಗೆ ಬಸ್ಸಿನ ಹಾರನ್ ಕೇಳಿ, ಹೊತ್ತಾಯಿತು ಎಂದು ಎದ್ದುಬಿಟ್ಟರು.

ದಾರಿಯುದ್ದಕ್ಕೂ ಕರಿಯಕ್ಕ ಬೈಯಲಿಲ್ಲ. ಬೈದಿದ್ದರೆ ಕ್ಯಾತಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಹಟ್ಟಿ ಹತ್ತಿರ ಬಂದಾಗ ಅವಳೇ ಕೇಳಿದಳು, "ಅಪ್ಪ ಸೈನ್ ಆಕ್ತಾನಾ ಚಿಕ್ಕವ್ವ?"

"ನಿಂಗೇನನ್ಸ್ತೈತೆ?"

ಅಪ್ಪ ಆ ಬಾಗಿಲು ಒಡೆಯುವುದನ್ನು ಮರೆತಿರಲಿಲ್ಲ, ಬೇಕೆಂದೇ ಬಿಟ್ಟಿದ್ದ ಎಂದು ಕ್ಯಾತಮ್ಮನಿಗೆ ಗೊತ್ತಾಗಿಹೋಗಿತ್ತು.

ಮನೆ ತಲುಪಿದರು. ಕ್ಯಾತಮ್ಮ ಹೊಸಿಲು ದಾಟಿ ತಿರುಗಿ ನೋಡಿದಳು. ಚಿಕ್ಕವ್ವ ಹೊರಗೇ ನಿಂತಿದ್ದಳು.

"ಬಾ ಚಿಕ್ಕವ್ವ."

"ಬರ್ಬೋದಾ ಅಂತ ನಿಮ್ಮವ್ವನ್ನ ಕೇಳು ಮಗ."

ಕ್ಯಾತಮ್ಮ ಕೇಳಲು ಹೋಗಲಿಲ್ಲ. ಹೊರಗೆ ಬಂದು ಜಗಲಿಯ ಮೇಲೆ ಅವಳ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಪ್ಪ ಉಣ್ಣಲು ಕರೆದ. ಕರೆದದ್ದು ಅವಳೊಬ್ಬಳನ್ನೇ.

ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಕ್ಯಾತಮ್ಮ ಏಳಲಿಲ್ಲ.