ಪಾಚಿ ಹಿಂಡಿದ ನೀರು

ಕೊಲ್ಲಿಯಲ್ಲಿ ನಿಂತ ಹಡಗಿನಿಂದ ಮರ ಕಡಿಯುವ ಯಂತ್ರಗಳು ಇಳಿಯುವ ಮೊದಲೇ ಫಾದರ್ ಕ್ಲೆಮೆಂಟರನ್ನು ಬೆಟ್ಟದ ನೆತ್ತಿಗೆ ಹತ್ತಿಸಬೇಕು. ನೆಸ್ಟಾ ಹೊತ್ತುಕೊಂಡಿದ್ದ ಕೆಲಸ ಅದು. ಫಾದರ್ ಮೇಲೆ ನಿಂತು ಪ್ರಾರ್ಥಿಸಿ, ನೀರು ಚಿಮುಕಿಸಿ, ಶಿಲುಬೆ ನೆಟ್ಟರೆ ಆ ಜಾಗ 'ತಂಬು', ದೇವರಿಗೆ ಮೀಸಲು. ಆಮೇಲೆ ಸೊಲೊಮನ್ ದ್ವೀಪಗಳಲ್ಲಿ ಹುಟ್ಟಿದವರು ಯಾರೂ ಅಲ್ಲಿಯ ಒಂದೆಲೆ ಮುಟ್ಟುವುದಿಲ್ಲ.

"ಇಲ್ಲಿಂದಲೇ ಬೆಟ್ಟದ ಕಡೆ ಕೈ ಎತ್ತಿ ಪ್ರಾರ್ಥನೆ ಮಾಡಿದ್ರೆ ಆಗಲ್ವೇನಮ್ಮಾ?" ಫಾದರ್ ಹೊಟ್ಟೆ ಸವರಿಕೊಳ್ಳುತ್ತ ಕೇಳಿದರು.

"ಮಗೂಗೆ ದೀಕ್ಷಾಸ್ನಾನ ಕೊಡೋವಾಗ ಮನೇಲಿ ಕೂತ್ಕೊಂಡು ಕೈ ತೋರಿಸ್ತೀರಾ? ಏಳಿ ಮೇಲೆ!"

ಬೆಟ್ಟ ನೆಸ್ಟಾಳ ತಾಯಿಯ ಕಡೆಯದು. ಈ ಇಸಾಬೆಲ್ ದ್ವೀಪದಲ್ಲಿ ಭೂಮಿ ಹೆಣ್ಣಿನಿಂದ ಹೆಣ್ಣಿಗೆ ಬರುತ್ತದೆ, ಸಭೆಯಲ್ಲಿ ಬಾಯಿ ಬಿಡುವವರು ಮಾತ್ರ ಗಂಡಸರು. ಹಾಗೆ ಬಾಯಿ ಬಿಟ್ಟವನು ಅವಳ ಸೋದರಮಾವ ಬಾರ್ನಬಾಸ್. "ಮೇಲೇನಿದೆ? ಮರ, ಮಂಜು. ದೇವರಿರೋದು ಚರ್ಚಲ್ಲಿ. ಅವನ ತಲೆ ಮೇಲೆ ಹೊಸ ತಗಡು ಬೇಡ್ವಾ?" ಎಂದು, ಚರ್ಚಿನ ಸೂರಿಗೆ ತಗಡು ಕೊಡುತ್ತೇವೆಂದ ಮರದ ಕಂಪನಿಗೆ ಒಪ್ಪಿಗೆ ಕೊಟ್ಟು ಬಂದಿದ್ದ.

ಏನೂ ಇಲ್ಲವಂತೆ! ಗಂಡನನ್ನು ಕಡಲು ನುಂಗಿದ ವರ್ಷ ಚರ್ಚಿನ ಬೆಂಚಿನಲ್ಲಿ ಕೂತರೆ ನೆಸ್ಟಾಳ ಬಾಯಿಂದ ಒಂದು ಆಮೆನ್ ಹೊರಡುತ್ತಿರಲಿಲ್ಲ. ದೇವರ ಮೇಲೆ ಮುನಿಸಿಕೊಂಡು ಬೆಟ್ಟ ಹತ್ತಿದವಳಿಗೆ ಅವನು ಅಲ್ಲೇ ಸಿಕ್ಕಿದ್ದ. ಅಂಥ ಜಾಗವನ್ನು ತಗಡಿಗೆ ಮಾರುತ್ತಾರಲ್ಲ, ಇವರಿಗೆ ಮಾನ ಬೇಡವೇ! ನೆನೆದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು.

ಮೂವರು ಹೊರಟರು. ಮುಂದೆ ನೆಸ್ಟಾಳ ತಮ್ಮ ಹಡ್ಸನ್, ಹಂದಿ ಬೇಟೆಗಾರ, ಬಾಯ್ತುಂಬ ಅಡಿಕೆ. ಹಿಂದೆ ನೆಸ್ಟಾ. ನಡುವೆ ಫಾದರ್, ಹೆಗಲ ಚೀಲದಲ್ಲಿ ಪವಿತ್ರ ನೀರಿನ ಸೀಸೆ, ಪ್ರಾರ್ಥನೆಯ ಪುಸ್ತಕ.

"ತಮ್ಮಾ, ಇನ್ನೆಷ್ಟು ದೂರ?"

"ಇಗೋ, ಬಂದೇಬಿಡ್ತು ಫಾದರ್."

"ಆಗ್ಲೂ ಇದನ್ನೇ ಹೇಳಿದ್ಯಲ್ಲೋ!"

"ಆಗ ನೀವು ಅಳೋ ಹಾಗಿದ್ರಿ, ಅದಕ್ಕೆ."

ಮೇಲೆಲ್ಲೋ ಮಳೆ ಹೊಯ್ದು ಹೊಳೆ ಕೆಂಪಾಗಿ ಉಕ್ಕುತ್ತಿತ್ತು. ಹಡ್ಸನ್ ಬೆತ್ತದ ಬಳ್ಳಿಯ ಒಂದು ತುದಿಯನ್ನು ಈ ದಡದ ಮರಕ್ಕೆ ಬಿಗಿದು, ಈಜಿ ದಾಟಿ, ಇನ್ನೊಂದು ತುದಿಯನ್ನು ಆ ದಡದ ಬೇರಿಗೆ ಸುತ್ತಿದ.

"ಬಳ್ಳಿ ಬಿಡಬೇಡಿ! ಕಾಲು ನೋಡಬೇಡಿ, ನನ್ನನ್ನ ನೋಡಿ!"

ಫಾದರ್ ಕಾಲನ್ನೇ ನೋಡಿದರು. ಜಾರಿದರು.

ನೀರು ಅವರನ್ನು ಎಳೆಯಿತು. ನೆಸ್ಟಾ ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದನ್ನು ಚಾಚಿದಳು. ನಿಲುವಂಗಿಯ ಕೊರಳಪಟ್ಟಿ ಸಿಕ್ಕಿತು. ಚರ್ರೆಂದು ಹರಿಯಿತು. ತಲೆಗೂದಲು ಹಿಡಿದಳು. ಹಡ್ಸನ್ ಧುಮುಕಿ ಸೊಂಟಕ್ಕೆ ಕೈ ಹಾಕಿದ. ಇಬ್ಬರೂ ಸೇರಿ ಅವರನ್ನು ಆಚೆ ದಡಕ್ಕೆ ಎಳೆದು ಹಾಕಿದರು.

ಫಾದರ್ ಕೆಮ್ಮಿ ನೀರು ಕಾರಿದರು. ಹೆಗಲು ಮುಟ್ಟಿ ನೋಡಿಕೊಂಡರು. ಚೀಲವಿಲ್ಲ.

"ಪುಸ್ತಕ ಹೋಯ್ತು, ನೀರೂ ಹೋಯ್ತು. ಇನ್ನು ಪ್ರಾರ್ಥನೆ ಮಾಡಿದ್ರೂ ಸಲ್ಲಲ್ಲ ನೆಸ್ಟಾ. ವಾಪಸ್ ಹೋಗೋಣ."

ನೆಸ್ಟಾಳ ಸಿಟ್ಟು ನೆತ್ತಿಗೇರಿತು. "ಸೀಸೇಲಿದ್ದಿದ್ದೊಂದೇ ದೇವರ ನೀರಾ? ಈಗ ನಿಮ್ಮನ್ನ ನುಂಗೋಕೆ ಹೊರಟಿತ್ತಲ್ಲ, ಅದು ಯಾರದ್ದು? ಮಾವ ದೇವರನ್ನ ತಗಡಿನ ಕೆಳಗೆ ಕೂಡಿಹಾಕಿದ, ನೀವು ಸೀಸೆಗೆ ತುಂಬಿದ್ರಿ! ಹೋಗೋದಾದ್ರೆ ಒಬ್ಬರೇ ಹೋಗಿ. ಹೊಳೆ ಅಲ್ಲೇ ಇದೆ."

ಫಾದರ್ ಹೊಳೆ ನೋಡಿದರು, ನೆಸ್ಟಾಳ ಮುಖ ನೋಡಿದರು. ಎದ್ದು ಬೆಟ್ಟದ ಕಡೆಗೇ ಹೆಜ್ಜೆ ಹಾಕಿದರು.

ಬಂಡೆಯ ಮರೆಯಲ್ಲಿ ರಾತ್ರಿ ಕಳೆದು, ತಣ್ಣನೆಯ ಗೆಣಸು ತಿಂದು, ಬೇರು ಹಿಡಿದು, ಮೊಣಕಾಲೂರಿ ಅವರು ನೆತ್ತಿ ತಲುಪುವಾಗ ಬೆಳಕು ಹರಿಯುತ್ತಿತ್ತು. ಅಲ್ಲಿಯ ಮರಗಳು ಗಿಡ್ಡ, ಬುಡದಿಂದ ತುದಿಯವರೆಗೆ ಪಾಚಿ ಹೊದ್ದವು. ಮೋಡವೊಂದು ಕೊಂಬೆಗಳ ನಡುವೆ ನುಸುಳಿ ಮೂವರ ಮುಖ ಒದ್ದೆ ಮಾಡಿ ಹೋಯಿತು. ಅದು ಸರಿದದ್ದೇ ಎರಡೂ ಕಡೆ ಕಡಲು ಕಂಡಿತು, ಒಂದು ಕಡೆ ಇನ್ನೂ ಕಪ್ಪು, ಇನ್ನೊಂದು ಕಡೆ ಚಿನ್ನ. ಕೆಳಗಿನ ಕಾಡಿನಿಂದ ಮಂಗಟ್ಟೆ ಹಕ್ಕಿಯ ಜೋಡಿಯೊಂದು ರೆಕ್ಕೆಯಿಂದ ಗಾಳಿ ಸೀಳುತ್ತ ತಲೆಯ ಮೇಲೆಯೇ ಹಾರಿತು. ಎಲ್ಲೆಲ್ಲೂ ನೀರು ತೊಟ್ಟಿಕ್ಕುತ್ತಿತ್ತು, ಪ್ರತಿ ತೊಟ್ಟಿನೊಳಗೂ ಸೂರ್ಯ.

ನೆಸ್ಟಾ ಪ್ರಾರ್ಥನೆಗೆ ಕಾದಳು. ಫಾದರ್ ಕಡಲ ಕಡೆ ಮುಖ ಮಾಡಿ ನಿಂತಿದ್ದರು.

"ಬಾಯಿ ಬಿಡಿ ಫಾದರ್! ಅಲ್ಲಿ ಯಂತ್ರ ಇಳಿಸ್ತಾ ಇರ್ತಾರೆ!"

ಅವರು ತಿರುಗಿದರು. ಕೆನ್ನೆ ಒದ್ದೆಯಾಗಿತ್ತು. "ಪ್ರತಿ ಭಾನುವಾರ 'ಭೂಮ್ಯಾಕಾಶಗಳ ಸೃಷ್ಟಿಕರ್ತ' ಅಂತೀನಲ್ಲ ನೆಸ್ಟಾ. ಬಾಯಿಪಾಠ ಅದು. ಒಂದ್ಸಲಾನೂ ತಲೆ ಎತ್ತಿ ನೋಡಿರಲಿಲ್ಲ."

ನೆಸ್ಟಾ ಅವರಿಗೆ ಜಾಗ ಬಿಟ್ಟು ಹಿಂದೆ ಸರಿದಳು.

ಫಾದರ್ ಮರದ ಪಾಚಿಗೆ ಕೈ ಒತ್ತಿದರು. ಬೆರಳ ಸಂದಿಯಿಂದ ತಣ್ಣನೆಯ ನೀರು ಇಳಿಯಿತು. ಬೊಗಸೆ ತುಂಬಿಸಿಕೊಂಡು ನಾಲ್ಕು ದಿಕ್ಕಿಗೂ ಚಿಮುಕಿಸಿದರು. "ಕರ್ತನೇ, ನೀನು ಇಲ್ಲೇ ಇದ್ದೆ, ನಾವು ಬರಲಿಲ್ಲ. ಕ್ಷಮಿಸು. ಇದು ನಿನ್ನದು. ಯಾರೂ ಮುಟ್ಟದಿರಲಿ." ಹಡ್ಸನ್ ಅಡಿಕೆ ಉಗುಳಿ, ಬಿದ್ದ ಕೊಂಬೆಗಳನ್ನೇ ಆರಿಸಿ ಬಳ್ಳಿಯಿಂದ ಶಿಲುಬೆ ಕಟ್ಟಿ ನೆಟ್ಟ. ಅಂದು ನೆಸ್ಟಾಳ ಆಮೆನ್‌ಗೆ ಹಕ್ಕಿಗಳು ಬೆದರಿ ಎದ್ದವು.

ಅವರು ಕುಂಟುತ್ತ ಕಡಲ ದಡ ಮುಟ್ಟುವಷ್ಟರಲ್ಲಿ ಒಂದು ಯಂತ್ರ ಮರಳಿಗೆ ಇಳಿದು ಹೊಗೆ ಉಗುಳುತ್ತಿತ್ತು. ಫಾದರ್ ನೇರ ಅದರ ಮುಂದೆ ಹೋಗಿ ನಿಂತರು.

"ಬೆಟ್ಟ ತಂಬು. ನಾನೇ ಪ್ರಾರ್ಥನೆ ಮಾಡಿ ಬಂದೆ."

ಸೊಲೊಮನ್‌ನದೇ ಮಲೈತಾ ದ್ವೀಪದ ಚಾಲಕ ಹರಿದ ನಿಲುವಂಗಿಯನ್ನೂ ಕೆಸರು ಮೆತ್ತಿದ ಹೊಟ್ಟೆಯನ್ನೂ ನೋಡಿದ. "ಈ ಹೊಟ್ಟೆ ಹೊತ್ಕೊಂಡು ಹತ್ತಿದ್ರಾ ಫಾದರ್?"

"ಅವಳು ಹತ್ತಿಸಿದ್ಲು."

ಚಾಲಕ ನೆಸ್ಟಾಳನ್ನು ನೋಡಿ ಟೋಪಿ ತೆಗೆದ. ಯಂತ್ರ ನಿಲ್ಲಿಸಿ ಇಳಿದುಬಿಟ್ಟ. ಮೇಸ್ತ್ರಿ ಕಿರುಚಿದ, ಕೂಲಿ ಮುರಿಯುತ್ತೇನೆಂದ. ಕೀಲಿಗೆ ಕೈ ಚಾಚುವವರು ಒಬ್ಬರೂ ಮುಂದೆ ಬರಲಿಲ್ಲ. ಎರಡು ದಿನ ಕಾದು ಹಡಗು ಯಂತ್ರವನ್ನು ಹೊತ್ತುಕೊಂಡು ಹೊರಟುಹೋಯಿತು.

ಭಾನುವಾರ ಜೋರು ಮಳೆ. ಹಳೆಯ ತಗಡಿನ ತೂತಿನಿಂದ ಬಾರ್ನಬಾಸನ ಬೋಳು ತಲೆಗೆ ತೊಟತೊಟ ಬೀಳುತ್ತಿತ್ತು.

"ನೋಡು, ನೋಡು ನಿನ್ನ ಬೆಟ್ಟ ಮಾಡಿದ ಉಪಕಾರ!" ಎಂದು ಅವನು ಹಲ್ಲು ಕಡಿದ.

ನೆಸ್ಟಾಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಬೋಗುಣಿಯೊಂದನ್ನು ತಂದು ಅವನ ಮಡಿಲಿಗೆ ಕುಕ್ಕಿದಳು. "ಹಿಡ್ಕೋ ಮಾವ. ಮಳೆ ಬಿಡ್ಲಿ, ನಿನ್ನನ್ನೂ ಹತ್ತಿಸ್ತೀನಿ."

ಅತ್ತ ಫಾದರ್ 'ಭೂಮ್ಯಾಕಾಶಗಳ' ಎಂದವರು ಹಾಗೇ ನಿಂತು, ತಲೆ ಎತ್ತಿ ಸೂರಿನ ತೂತಿನಿಂದ ಆಕಾಶ ನೋಡುತ್ತಿದ್ದರು. ಸಭೆ ಕಾಯುತ್ತಿತ್ತು. ಈ ಸಲ ನೆಸ್ಟಾ ಅವರನ್ನು ಅವಸರಪಡಿಸಲಿಲ್ಲ.